ಅತ್ತೆ ಅತ್ತ ನಲವತ್ತು ಸೆಕೆಂಡು

ನನ್ನ ಅತ್ತೆ ಆ ಭಾನುವಾರ ಹೆಚ್ಚುಕಡಿಮೆ ನಾಲ್ಕು ನಿಮಿಷ ಅತ್ತರು. ಅದರಲ್ಲಿ ಚೆನ್ನಾಗಿರುವ ನಲವತ್ತು ಸೆಕೆಂಡನ್ನು ಕತ್ತರಿಸಿ ನೆಂಟರ ಮೊಬೈಲ್ ಗ್ರೂಪಿಗೆ ಹಾಕಿದವಳು ನಾನು. ಚೆನ್ನಾಗಿದೆ ಅಂತ ಆಗ ಅನ್ನಿಸಿತ್ತು. ನಿಜವಾಗಿ ಯಾರೂ ಸತ್ತಿರಲಿಲ್ಲ. ಟಿವಿಯಲ್ಲಿ ಒಬ್ಬಳು ರಾಣಿ ಕೋಟೆಯ ಬಾಗಿಲು ತೆಗೆದುಕೊಂಡು ಮಂಜಿನೊಳಗೆ ಹೋಗಿದ್ದಳು, ಅಷ್ಟೇ. ಎರಡು ವರ್ಷವಾಗುತ್ತಾ ಬಂತು. ಆ ಕಥೆಯ ಕೊನೆ ಇನ್ನೂ ಬಂದಿಲ್ಲ. ನನ್ನ ಮುಖಕ್ಕೆ ನಾನೇ ಬಳಿದುಕೊಂಡ ಮಸಿಯೂ ಹೋಗಿಲ್ಲ.

ನಾನು ಮದುವೆಯಾಗಿ ಜೀವನ್ ಬಿಮಾ ನಗರದ ಈ ಮನೆಗೆ ಬಂದು ಇಪ್ಪತ್ತೊಂದು ವರ್ಷ. ಅದರಲ್ಲಿ ಮೊದಲ ಹದಿನೆಂಟು ವರ್ಷ ನಾನೂ ಅತ್ತೆಯೂ ಎಣ್ಣೆ ಸೀಗೆಕಾಯಿ. ಜಗಳವಾಡಿದವರಲ್ಲ. ಜಗಳವಾಡುವುದಕ್ಕೂ ಒಂದಿಷ್ಟು ಸಲಿಗೆ ಬೇಕು, ಅದು ಇರಲಿಲ್ಲ. ಗ್ಯಾಸ್ ಬಂತಾ, ಹಾಲು ಕಾಸಾಯ್ತಾ, ಮೋಟರ್ ಹಾಕ್ಲಾ, ಇಷ್ಟರಲ್ಲೇ ನಮ್ಮ ಮಾತು ಮುಗಿದುಹೋಗುತ್ತಿತ್ತು. ನನ್ನ ಗಂಡನಿಗೆ ಮಹದೇವಪುರದಲ್ಲಿ ಪಾಳಿಯ ಕೆಲಸ, ಭಾನುವಾರ ಮಧ್ಯಾಹ್ನವೆಲ್ಲ ಅವರು ಗೊರಕೆ ಹೊಡೆಯುತ್ತಿದ್ದರು. ಟಿವಿ ಇರುವ ಹಾಲಿನಲ್ಲಿ ನಾವಿಬ್ಬರೇ, ಆ ಕಡೆ ಒಬ್ಬರು, ಈ ಕಡೆ ಒಬ್ಬರು.

ನನ್ನ ಕೆಲಸ ಇಂದಿರಾನಗರದ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವುದು. ಸೂಜಿ ಕಂಡು ಮಕ್ಕಳಂತೆ ಅಳುವ ದೊಡ್ಡ ದೊಡ್ಡ ಗಂಡಸರನ್ನು ನೋಡಿದ್ದೇನೆ. ಒಬ್ಬರು ಪ್ರತಿ ಸಲವೂ ಕಣ್ಣು ಮುಚ್ಚಿಕೊಂಡು ತಾಯಿಯನ್ನು ಕೂಗುತ್ತಾರೆ. ಅವರ ವಿಷಯ ಇಲ್ಲಿಯವರೆಗೆ ಯಾರ ಹತ್ತಿರವೂ ಆಡಿಕೊಂಡವಳಲ್ಲ, ಕೆಲಸದ ಮರ್ಯಾದೆ ಅದು. ಮನೆಗೆ ಬರುವಾಗ ಆ ಮರ್ಯಾದೆಯನ್ನು ಕೋಟಿನ ಜೊತೆ ಲ್ಯಾಬಿನಲ್ಲೇ ಮೊಳೆಗೆ ಸಿಕ್ಕಿಸಿ ಬರುತ್ತಿದ್ದೆನೋ ಏನೋ.

ನಮ್ಮಿಬ್ಬರನ್ನು ಹತ್ತಿರ ಕೂರಿಸಿದ್ದು ಆ ಸೀರಿಯಲ್ಲು. ಹೊರದೇಶದ್ದು. ಉಪ್ಪಿನ ಕಲ್ಲಿನ ಒಂದು ಕೋಟೆ, ಸುತ್ತ ಸದಾ ಮಂಜು. ಆ ಮಂಜಿಗೆ ಜೀವವಿದೆ, ಹಸಿವಿದೆ, ಕತ್ತಲಾದರೆ ಬಾಗಿಲು ತಟ್ಟುತ್ತದೆ. ಕೋಟೆಗೆ ಸೊಸೆಯಾಗಿ ಬಂದ ರಾಣಿಗೆ ಮಾತ್ರ ಅದರ ಮಾತು ಅರ್ಥವಾಗುತ್ತದೆ. ನಾನೊಬ್ಬಳೇ ನೋಡುತ್ತಿದ್ದಾಗ ಅತ್ತೆ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ಆ ಹುಡುಗಿ ಯಾಕೆ ಗೋಡೆ ಹತ್ರ ಮಾತಾಡ್ತಾಳೆ?" ಅಂತ ಕೇಳಿದರು. ಹೇಳಿದೆ. ಕೂತರು. ಅವರಿಗೆ ಇಂಗ್ಲಿಷ್ ಬಾರದು, ಕನ್ನಡದಲ್ಲಿ ಅದು ಇರಲಿಲ್ಲ. ಆದರೆ ತಮಿಳಿನಲ್ಲಿತ್ತು. ಅತ್ತೆ ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನಗೋ, ತುಮಕೂರಿನ ಕಡೆಯವಳಿಗೆ, ಇಷ್ಟು ವರ್ಷವಾದರೂ ತಮಿಳಿನಲ್ಲಿ ತರಕಾರಿ ಕೊಳ್ಳುವಷ್ಟೇ ಬರುತ್ತದೆ. ಹಾಗಾಗಿ ಮಾತು ತಮಿಳು, ಕೆಳಗೆ ಅಕ್ಷರ ಇಂಗ್ಲಿಷ್. ಅವರು ಕೇಳುವುದು, ನಾನು ಓದುವುದು, ಆಮೇಲೆ ಇಬ್ಬರೂ ಕನ್ನಡದಲ್ಲಿ ತಾಳೆ ನೋಡುವುದು. "ಅವಳು ಹಂಗಂದಿಲ್ಲ ಕಣೇ, 'ನನ್ನ ಹೊಟ್ಟೆ ಉರೀತಿದೆ' ಅಂದ್ಲು," ಎಂದು ಅತ್ತೆ ನನ್ನ ಇಂಗ್ಲಿಷನ್ನು ತಿದ್ದುತ್ತಿದ್ದರು. ಹದಿನೆಂಟು ವರ್ಷ 'ನೋಡಮ್ಮ' ಅನ್ನುತ್ತಿದ್ದವರು 'ಕಣೇ' ಅನ್ನತೊಡಗಿದ್ದು ಆಗಲೇ.

ಇನ್ನೊಂದು ಸಲಿಗೆಯೂ ಬಂತು. ಅತ್ತೆಗೆ ಕಟ್ಟಿಸಿದ ಹಲ್ಲು, ಮೇಲಿನದೂ ಕೆಳಗಿನದೂ. ಊಟವಾದ ಮೇಲೆ ಅದು ವಸಡಿಗೆ ಒತ್ತುತ್ತದೆ. ಆದರೂ ನನ್ನೆದುರು ತೆಗೆದವರೇ ಅಲ್ಲ; ತಮ್ಮ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ನೀರಿನ ಬಟ್ಟಲಿಗೆ ಹಾಕಿ ಮಲಗುತ್ತಿದ್ದರು. ಸೀರಿಯಲ್ಲಿನ ನಾಲ್ಕನೆಯದೋ ಐದನೆಯದೋ ಕಂತಿನ ಹೊತ್ತಿಗೆ ಆ ಸ್ಟೀಲಿನ ಬಟ್ಟಲು ಹಾಲಿಗೆ ಬಂತು. "ನೀನೇ ತಾನೇ, ಇನ್ಯಾರಿದಾರೆ," ಎಂದು ನನ್ನ ಮುಂದೆಯೇ ತೆಗೆದು ಹಾಕಿ, ಬೊಚ್ಚುಬಾಯಿ ಬಿಟ್ಟುಕೊಂಡು ಹಾಯಾಗಿ ಕೂತರು. ನನಗೆ ಒಳಗೊಳಗೆ ಖುಷಿಯಾಗಿತ್ತು. ಹೇಳಿಕೊಳ್ಳಲಿಲ್ಲ.

ಹೊಸ ಕಂತು ಶುಕ್ರವಾರ ಬರುತ್ತಿತ್ತು. ನಾವು ನೋಡುತ್ತಿದ್ದದ್ದು ಭಾನುವಾರ, ಊಟವಾದ ಮೇಲೆ. ಯಾರೂ ಮುಂಚೆ ನೋಡಬಾರದು ಅಂತ ಮಾತಾಗಿತ್ತು. ಅಂದರೆ ನಾನು ನೋಡಬಾರದು ಅಂತ. ಅತ್ತೆಗೆ ಆ ರಿಮೋಟಿನಲ್ಲಿ ಅದನ್ನು ಹುಡುಕುವುದೇ ಗೊತ್ತಿಲ್ಲ. ಅವರೆಕಾಯಿಯ ಕಾಲ. ಮಧ್ಯೆ ಒಂದು ಪೇಪರ್ ಹಾಸಿ, ಕಾಯಿ ಸುರಿದುಕೊಂಡು, ಇಬ್ಬರೂ ಸುಲಿಯುತ್ತಾ ಕೂರುವುದು. ಮಂಜು ಬಾಗಿಲು ತಟ್ಟಿತೆಂದರೆ ನನ್ನ ಕೈ ತಾನಾಗಿ ನಿಲ್ಲುತ್ತಿತ್ತು. ಅತ್ತೆ ಅಳುತ್ತಲೂ ಸುಲಿಯಬಲ್ಲರು, ನನಗೆ ಆಗದು. ಕೊನೆಗೆ ನೋಡಿದರೆ ಅವರ ಬುಟ್ಟಿ ತುಂಬಿರುತ್ತಿತ್ತು, ನನ್ನದರ ತಳ ಕಾಣುತ್ತಿತ್ತು. "ಸಂಬಳ ಕೊಟ್ಟು ಇಟ್ಕೊಂಡಿದ್ರೆ ನಿನ್ನ ಬಿಡಿಸ್ಬಿಡ್ತಿದ್ದೆ," ಅನ್ನುವರು.

ಕೊನೆಯ ಕಂತು ಬಂದ ಶುಕ್ರವಾರ ನನಗೆ ತಡೆಯಲಾಗಲಿಲ್ಲ. ಮಾರನೆಯ ದಿನ ಲ್ಯಾಬಿನಲ್ಲಿ ಊಟದ ಬಿಡುವಿನಲ್ಲಿ, ಮೊಬೈಲಿನಲ್ಲಿ, ಇಯರ್‌ಫೋನ್ ಕಿವಿಗೆ ಸಿಕ್ಕಿಸಿಕೊಂಡು ಇಡೀ ನೋಡಿದೆ. ಮಂಜು ಕೋಟೆಯ ಮಕ್ಕಳನ್ನು ಕೇಳುತ್ತದೆ. ರಾಣಿ ಯಾರಿಗೂ ಹೇಳದೆ ಬಡಗಣ ಬಾಗಿಲ ಅಗುಳಿ ತೆಗೆದು, ತಾನೇ ಹೊರಗೆ ಹೋಗಿ, ಹಿಂದಿನಿಂದ ಬಾಗಿಲು ಎಳೆದುಕೊಳ್ಳುತ್ತಾಳೆ. ಅಲ್ಲಿಗೆ ಮುಗಿಯಿತು, ಮಿಕ್ಕದ್ದು ಮುಂದಿನ ಸೀಸನ್ನಿಗೆ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಬಿಕ್ಕಿ ಬಿಕ್ಕಿ. ಇದನ್ನು ಇಲ್ಲಿ ಬರೆಯಲೇಬೇಕು, ಯಾಕೆಂದರೆ ಅದೇ ಸಂಜೆ ನಾನು ಮಾಡಿದ ಯೋಚನೆ ಇನ್ನೊಂದು.

ಲ್ಯಾಬಿನ ಹುಡುಗಿಯೊಬ್ಬಳು ಜನ ಟಿವಿ ನೋಡುತ್ತಾ ಕಿರುಚುವ, ಅಳುವ ವಿಡಿಯೋಗಳನ್ನು ತೋರಿಸಿ ನಗುತ್ತಿದ್ದಳು. ನಾನೂ ನಕ್ಕೆ. ಅತ್ತೆ ಇದನ್ನು ನೋಡಿದರೆ ಹೇಗೆ ಅಳಬಹುದು ಅಂತ ತಲೆಗೆ ಬಂತು. ಬಂದದ್ದು ಹೋಗಲಿಲ್ಲ. ಅಳು ಯಾವ ನಿಮಿಷಕ್ಕೆ ಬರುತ್ತದೆ ಎಂಬುದೂ ನನಗೆ ಆಗಲೇ ಗೊತ್ತಿತ್ತಲ್ಲ.

ಭಾನುವಾರ ಅತ್ತೆ ಹಳೆಯ ನೈಟಿಯ ಮೇಲೆ ಟವೆಲ್ ಹೊದ್ದು, ಹಲ್ಲು ಬಟ್ಟಲಿಗೆ ಹಾಕಿ ಕೂತರು. ಟಿವಿ ಪಕ್ಕದ ಷೋಕೇಸಿನಲ್ಲಿ ಚನ್ನಪಟ್ಟಣದ ಮರದ ಆನೆಯಿದೆ. ಅದರ ಕಾಲಿಗೆ ಒರಗಿಸಿ ಮೊಬೈಲನ್ನು ಅವರ ಕಡೆ ತಿರುಗಿಸಿಟ್ಟೆ. ಚಾರ್ಜಿಗೆ ಹಾಕಿದ್ದೇನೆ ಅಂದುಕೊಂಡರು. ನಾನು ಕಾಯಿ ಸುಲಿಯುತ್ತಾ ಕೂತೆ. ರಾಣಿ ಅಗುಳಿಗೆ ಕೈ ಹಾಕಿದಳು. ಅತ್ತೆ ಮುಂದಕ್ಕೆ ಬಾಗಿ, ಮೊದಲು ತಮಿಳಿನಲ್ಲಿ, "ವೇಣಾಂಡಿ, ಕದವ ತೊರಕ್ಕಾದಡಿ," ಅಂದರು. ಆಮೇಲೆ ಕನ್ನಡದಲ್ಲಿ, "ಬೇಡ ಕಣೇ, ತೆಗೀಬೇಡ ಕಣೇ, ಒಂದು ಮಾತು ಯಾರಿಗಾದ್ರೂ ಹೇಳಿ ಹೋಗೇ." ಬಾಗಿಲು ಮುಚ್ಚಿತು. ಅವರು ಒಂದು ಕಾಯಿ ತೆಗೆದು ಟಿವಿಗೆ ಎಸೆದರು. ಟವೆಲ್ ಬಾಯಿಗೆ ಒತ್ತಿಕೊಂಡರು, ಹಲ್ಲಿಲ್ಲದ ಬಾಯಿ ಒಳಕ್ಕೆ ಹೋಗಿ, ಮುಖ ಅರ್ಧವಾಗಿ, ಗೊಳೋ ಅಂತ ಅತ್ತರು. ನನಗೆ ನಗು ಉಕ್ಕಿತು. ಕುಕ್ಕರ್ ನೋಡಿ ಬರ್ತೀನಿ ಎಂದು ಅಡುಗೆಮನೆಗೆ ಓಡಿದೆ. ಕುಕ್ಕರ್ ಇಟ್ಟೇ ಇರಲಿಲ್ಲ.

ವಾಪಸು ಬಂದಾಗ ಅತ್ತೆ ಕಣ್ಣೊರೆಸಿಕೊಂಡು ಸುಲಿಯುತ್ತಿದ್ದರು. "ಮುಂದಿಂದು ಯಾವಾಗ?" ಎಂದು ಕೇಳಿದರು.

"ಎರಡು ವರ್ಷ ಆಗ್ಬಹುದು ಅಂತಾರೆ."

"ಎರಡು ವರ್ಷನಾ? ಅಷ್ಟು ದಿನವೂ ಅವಳು ಆಚೇನೇ ಇರ್ಬೇಕಾ?"

ನಾನು ಸಿಪ್ಪೆ ಗುಡಿಸಲು ಪೊರಕೆ ತಂದೆ. ಅತ್ತೆ ಕೈ ಅಡ್ಡ ಮಾಡಿದರು. "ಇರಲಿ ಬಿಡು. ಈಗ ತಾನೇ ಹೊಸಿಲು ದಾಟಿ ಹೋಗಿದಾಳೆ, ಹಿಂದೇನೇ ಕಸ ಗುಡಿಸ್ಬಾರ್ದು." ಮನೆಯಿಂದ ಯಾರಾದರೂ ಹೊರಟ ಕೂಡಲೇ ಗುಡಿಸಿದರೆ ಅವರು ತಿರುಗಿ ಬರುವುದಿಲ್ಲ ಎಂಬ ನಂಬಿಕೆ. ಹೆಣ ಎತ್ತಿದ ಮೇಲೆ ಮಾತ್ರ ಹಾಗೆ ಗುಡಿಸುತ್ತಾರೆ. ಅದು ನನಗೆ ಗೊತ್ತಿತ್ತು. ಆದರೆ ಟಿವಿಯ ರಾಣಿಗೂ ಅದು ಅನ್ವಯಿಸುತ್ತದೆಂದು ಗೊತ್ತಿರಲಿಲ್ಲ. ಆಮೇಲೆ ಅತ್ತೆ ನನ್ನ ಬುಟ್ಟಿಯ ಕಡೆ ನೋಡಿದರು. ತುಂಬಿತ್ತು. "ಇವತ್ತು ನಿನ್ನ ಕೈ ನಿಲ್ಲಲೇ ಇಲ್ಲ," ಎಂದರು. ನಾನು ಏನೋ ಹೇಳಿ ಹಾರಿಸಿದೆ.

ಸಂಜೆಯೊಳಗೆ ನಲವತ್ತು ಸೆಕೆಂಡು ಕತ್ತರಿಸಿ ಆಗಿತ್ತು. ಕೆಳಗೆ, 'ರಾಣಿ ವಾಪಸ್ ಬರೋವರೆಗೂ ನಮ್ಮನೆ ಕಸ ಗುಡಿಸೋ ಹಾಗಿಲ್ಲ' ಎಂದು ಬರೆದು ಗ್ರೂಪಿಗೆ ಹಾಕಿದೆ. ಅತ್ತೆಯ ತಮ್ಮನ ಮಕ್ಕಳು, ಸೊಸೆಯರು, ಎಲ್ಲರೂ ಇರುವ ಗ್ರೂಪು. ಅತ್ತೆಯದು ಗುಂಡಿ ಒತ್ತುವ ಮೊಬೈಲು, ಅವರಿಗೆ ಗೊತ್ತಾಗುವುದಿಲ್ಲ ಎಂಬ ಧೈರ್ಯ. ನಗುವ ಮುಖಗಳು ಸಾಲುಗಟ್ಟಿದವು. ಒಬ್ಬ ಅದಕ್ಕೆ ಶಹನಾಯಿ ಸೇರಿಸಿ ವಾಪಸು ಕಳಿಸಿದ. ಬೇರೆ ಗ್ರೂಪಿಗೆ ಹಾಕ್ಲಾ ಅಂತ ಇನ್ನೊಬ್ಬಳು ಕೇಳಿದಳು. ಹಾಕು ಅಂದೆ. ನನ್ನ ಮಾತಿಗೆ ಆ ನೆಂಟರು ಅಷ್ಟು ವರ್ಷದಲ್ಲಿ ಅಷ್ಟು ನಕ್ಕಿರಲಿಲ್ಲ. ನನಗೆ ಹೆಮ್ಮೆಯಾಗಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ತಿಂಗಳ ಮೇಲೆ ಹಲಸೂರಿನಲ್ಲಿ ಅತ್ತೆಯ ತಮ್ಮನ ಮೊಮ್ಮಗುವಿನ ನಾಮಕರಣ. ಅತ್ತೆ ತವರಿಗೆ ಹೋಗುವುದೆಂದರೆ ಸುಮ್ಮನೆ ಅಲ್ಲ. ಬೆಳಿಗ್ಗೆಯೇ ಸ್ನಾನ, ಕಂಚಿ ಸೀರೆ, ಹಲ್ಲನ್ನು ಎರಡೆರಡು ಸಲ ಉಜ್ಜಿ ಹಾಕಿಕೊಂಡು ಕನ್ನಡಿಯೆದುರು ಒಂದು ಸಲ ನಕ್ಕು ನೋಡುವುದು. ಆ ಬೀದಿಯಲ್ಲಿ ಅವರನ್ನು ಹುಡುಗಿಯಾಗಿದ್ದಾಗಿನಿಂದ ಬಲ್ಲವರು ಇನ್ನೂ ನಾಲ್ಕಾರು ಜನ ಇದ್ದಾರೆ. ಊಟದ ಸಾಲಿನಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತಿದ್ದೆವು. ಬಡಿಸುತ್ತಿದ್ದ ತಮ್ಮನ ಮಗ ಹೋಳಿಗೆ ಹಾಕುತ್ತಾ, "ಏನತ್ತೆ, ನಿಮ್ಮ ರಾಣಿ ವಾಪಸ್ ಬಂದ್ಲಾ? ಕಸ ಗುಡಿಸಿದ್ರಾ?" ಅಂದ. ಸಾಲಿಗೆ ಸಾಲೇ ನಕ್ಕಿತು. ಅತ್ತೆಗೆ ಅರ್ಥವಾಗಲಿಲ್ಲ, ಜೊತೆಗೆ ತಾವೂ ನಕ್ಕರು. "ನಿಂಗೆ ಹೆಂಗೋ ಗೊತ್ತು?" ಎಂದು ಕೇಳಿದರು. ಅವನು ಜೇಬಿನಿಂದ ಮೊಬೈಲ್ ತೆಗೆದು ಅವರ ಎಲೆಯ ಮುಂದೆ ಹಿಡಿದ.

ಅತ್ತೆ ನಲವತ್ತು ಸೆಕೆಂಡನ್ನೂ ನೋಡಿದರು. ತಮ್ಮ ನೈಟಿ, ತಮ್ಮ ಟವೆಲ್ಲು, ತಮ್ಮ ಬೊಚ್ಚುಬಾಯಿ. ಎದುರು ಸಾಲಿನಲ್ಲಿ ಅವರ ಬಾಲ್ಯದ ಗೆಳತಿ ಕತ್ತು ಚಾಚಿ ನೋಡುತ್ತಿದ್ದರು. ಮುಗಿದ ಮೇಲೆ ಅತ್ತೆ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು, ಒಳಗೆ ಹಲ್ಲಿದ್ದರೂ. "ನಮ್ಮನೆ ಷೋಕೇಸಿಂದ ತೆಗೆದಿರೋದು," ಎಂದು ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡಂತೆ ಅಂದರು. ನನ್ನ ಕಡೆ ನೋಡಲಿಲ್ಲ. ಹೋಳಿಗೆ ಎಲೆಯಲ್ಲೇ ಉಳಿಯಿತು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನೆಲ ಯಾಕೆ ಬಾಯಿ ಬಿಡುತ್ತದೆ, ನಾನು ಬಿಡಬೇಕಾಗಿತ್ತು. ಇದು ನನ್ನ ತಪ್ಪು, ಅದನ್ನು ಅಳಿಸಿಹಾಕಿ ಅಂತ ಅಲ್ಲಿ, ಆ ಸಾಲಿನ ಮುಂದೆ, ಒಂದು ಮಾತು. ಅದನ್ನು ಬಿಟ್ಟು ನಾನು ಸಾರು ಕಲಸಿಕೊಂಡು ತಿಂದೆ.

ಆಟೋದಲ್ಲಿ ಮನೆಗೆ ಬರುವಾಗ ಅತ್ತೆ ಕೆರೆಯ ಕಡೆ ನೋಡುತ್ತಾ ಕೂತಿದ್ದರು. ಬೈಯ್ಯಲಿ ಅಂತ ಕಾಯುತ್ತಿದ್ದೆ, ಬೈದರೆ ನನಗೂ ಸಮಾಧಾನ. ಇಂದಿರಾನಗರದ ಸಿಗ್ನಲ್ಲಿನಲ್ಲಿ, "ಲ್ಯಾಬು ಇದೇ ರಸ್ತೇಲಿ ತಾನೇ?" ಅಂದರು. ಹೂಂ ಅಂದೆ. ಅಷ್ಟೇ. ಆ ಮಧ್ಯಾಹ್ನ ಸ್ಟೀಲಿನ ಬಟ್ಟಲು ಅವರ ಕೋಣೆಗೆ ವಾಪಸು ಹೋಯಿತು.

ಆ ದಿನ ಸಂಜೆ ವಿಡಿಯೋ ಅಳಿಸಲು ಕೂತೆ. ಗ್ರೂಪಿನಿಂದ ಅಳಿಸುವ ಹೊತ್ತು ಮೀರಿಹೋಗಿತ್ತು. ಮಾತು ಆಡಿದರೆ ಹೋಯಿತು ಅನ್ನುವವರು ಮೊಬೈಲು ಕಂಡವರಲ್ಲ, ಈಗ ಹೋಗುವುದೇ ಇಲ್ಲ. ನನ್ನ ಹತ್ತಿರ ಕತ್ತರಿಸದ ಇಡೀ ವಿಡಿಯೋ ಇತ್ತು. ಅದನ್ನು ನಾನು ಪೂರ್ತಿ ನೋಡಿರಲೇ ಇಲ್ಲ, ಬೇಕಾದ ಅಳು ಸಿಕ್ಕ ಕೂಡಲೇ ನಿಲ್ಲಿಸಿದ್ದೆ. ಈಗ ನೋಡಿದೆ. ನಾನು ಎದ್ದು ಹೋಗುತ್ತೇನೆ. ಅತ್ತೆ ಒಬ್ಬರೇ ಅಳುತ್ತಾರೆ. ಆಮೇಲೆ ಅಡುಗೆಮನೆಯಿಂದ ಒಂದು ಸದ್ದು ಬರುತ್ತದೆ. ನನ್ನ ನಗು. ಬಾಯಿಗೆ ಕೈ ಒತ್ತಿಕೊಂಡು ನಕ್ಕಿದ್ದೆ, ಆದರೂ ಚೆನ್ನಾಗಿ ಕೇಳುತ್ತದೆ. ಅತ್ತೆ ಅಳು ನಿಲ್ಲಿಸಿ ಆ ಕಡೆ ತಿರುಗುತ್ತಾರೆ. ಸ್ವಲ್ಪ ಹೊತ್ತು ಹಾಗೇ ನೋಡುತ್ತಾರೆ. ಟವೆಲಿನಿಂದ ಮುಖ ಒರೆಸಿಕೊಂಡು ಕಾಯಿ ಕೈಗೆ ತೆಗೆದುಕೊಳ್ಳುತ್ತಾರೆ. ನಾನು ವಾಪಸು ಬರುತ್ತೇನೆ. "ಮುಂದಿಂದು ಯಾವಾಗ?"

ಅಂದರೆ ನಾನು ನಕ್ಕದ್ದು ಅವರಿಗೆ ಆವತ್ತೇ ಗೊತ್ತಿತ್ತು. ಅದನ್ನು ನುಂಗಿಕೊಂಡು, ಮುಂದಿನದನ್ನೂ ನನ್ನ ಜೊತೆಯೇ ನೋಡುವ ಮಾತಾಡಿದ್ದರು.

ಮಾರನೆಯ ದಿನ ಅವರ ಕೋಣೆಗೆ ಹೋಗಿ, "ತಪ್ಪಾಯ್ತು ಅತ್ತೆ," ಅಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಸಮಾಧಾನವಾಗಲಿ ಅಂತ, "ನಾನೂ ಅತ್ತಿದ್ದೆ. ಲ್ಯಾಬಲ್ಲಿ, ಒಬ್ಬಳೇ ನೋಡಿ. ನಿಮಗಿಂತ ಜಾಸ್ತೀನೇ," ಎಂದು ಸೇರಿಸಿದೆ.

ಅತ್ತೆ ಮಡಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತದೆ, "ಅದನ್ನ ಯಾರ್ಯಾರಿಗೆ ಕಳಿಸ್ದೆ?" ಎಂದು ಕೇಳಿದರು.

ಅವರು ಮಡಿಸಿಟ್ಟ ಬಟ್ಟೆಯನ್ನು ಬೀರುವಿನಲ್ಲಿಟ್ಟು ಆಚೆ ಬಂದೆ.

ಅದಾಗಿ ಒಂದು ವಾರವೂ ಆಗಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಊಟದ ಡಬ್ಬಿ ಮರೆತು, ಬಸ್ ಸ್ಟಾಪಿನಿಂದ ವಾಪಸು ಬಂದೆ. ಹಾಲಿನಲ್ಲಿ ಹಿಂದಿನ ದಿನದ ಕಸ ಹಾಗೇ ಇತ್ತು, ಪೊರಕೆ ಗೋಡೆಗೆ ಒರಗಿತ್ತು. ಅತ್ತೆ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಗಡಿಯಾರ ನೋಡುತ್ತಾ ಕೂತಿದ್ದರು. ನಾನು ಹೊರಟ ಮೇಲೆ ಅವರು ತಡವಾಗಿ ಗುಡಿಸುತ್ತಾರೆ ಅಂತ ಎಷ್ಟೋ ವರ್ಷದಿಂದ ಗೊತ್ತಿತ್ತು. ಪಕ್ಕದ ಮನೆಯಾಕೆ ಹೇಳಿದ್ದಳು. ಸೋಮಾರಿತನ ಅಂದುಕೊಂಡಿದ್ದೆ, ನನ್ನ ಗಂಡನ ಹತ್ತಿರ ಹಾಗೆಂದು ಆಡಿಕೊಂಡೂ ಇದ್ದೆ. ಆ ಬೆಳಿಗ್ಗೆ ಡಬ್ಬಿ ಕೈಗೆ ತೆಗೆದುಕೊಂಡು ನಿಂತಾಗ, ಅವರು ಕಾಯುತ್ತಿದ್ದದ್ದು ಯಾರಿಗಾಗಿ ಅಂತ ತಿಳಿಯಿತು. ಅಷ್ಟೆಲ್ಲ ಆದ ಮೇಲೂ ಕಾಯುತ್ತಿದ್ದರು. "ಮರೆತ್ಯಾ?" ಅಂದರು. ಹೂಂ ಅಂದೆ. ನಾನು ಮತ್ತೆ ಹೊರಟದ್ದರಿಂದ ಅವರು ಗಡಿಯಾರವನ್ನು ಮತ್ತೆ ಮೊದಲಿಂದ ನೋಡಬೇಕಾಯಿತು.

ಎರಡು ವರ್ಷದಲ್ಲಿ ಮಾತು ಎಂದಿನಂತೆ ಆಗಿದೆ. ಗ್ಯಾಸು, ಹಾಲು, ಮೋಟರು, ಅದರ ಮೇಲೆ ಇನ್ನಷ್ಟು. 'ಕಣೇ' ಕೂಡ ಆಗಾಗ ಬರುತ್ತದೆ. ಭಾನುವಾರ ಹಾಲಿನಲ್ಲಿ ಜೊತೆಗೆ ಕೂರುತ್ತಾರೆ, ಏನಾದರೂ ನೋಡುತ್ತೇವೆ. ನನ್ನ ಮೊಬೈಲನ್ನು ಅವರ ಕಣ್ಣಿಗೆ ಕಾಣುವಂತೆ ಮೇಜಿನ ಮೇಲೆ ಮಗುಚಿ ಇಡುತ್ತೇನೆ. ಅವರು ಅದನ್ನು ಗಮನಿಸದವರಂತೆ ಇರುತ್ತಾರೆ. ಆದರೆ ನೈಟಿಯಲ್ಲಿ ಬರುವುದಿಲ್ಲ, ಸೀರೆ ಉಟ್ಟು ಬರುತ್ತಾರೆ. ಬಾಯಲ್ಲಿ ಹಲ್ಲಿರುತ್ತದೆ. ನಡುನಡುವೆ ನಾಲಿಗೆಯಿಂದ ಅದನ್ನು ಸರಿಸಿಕೊಳ್ಳುವುದು ನನಗೆ ಕಾಣುತ್ತದೆ. ನೋಯುತ್ತದೆ ಅವರಿಗೆ. ತೆಗೀರಿ ಅತ್ತೆ, ನಾನೊಬ್ಬಳೇ ತಾನೇ, ಅನ್ನಬೇಕು ಅನ್ನಿಸುತ್ತದೆ. ಆ ಮಾತಾಡುವ ಯೋಗ್ಯತೆ ನನಗೆಲ್ಲಿದೆ?

ಹೋದ ಭಾನುವಾರ ಈ ವರ್ಷದ ಮೊದಲ ಅವರೆಕಾಯಿ ತಂದಿದ್ದೆ. ಸುಲಿಯುತ್ತಾ ಕೂತಾಗ, ಆ ಸೀರಿಯಲ್ಲಿನ ಕೊನೆಯ ಸೀಸನ್ನು ಜನವರಿಯಲ್ಲಿ ಬರುತ್ತದಂತೆ ಎಂದು ಹೇಳಿದೆ. ಹೇಳಲೋ ಬೇಡವೋ ಅಂತ ಮೂರು ದಿನ ಯೋಚಿಸಿದ್ದೆ.

ಅತ್ತೆಯ ಕೈ ನಿಂತಿತು. "ಅವಳು ಬರ್ತಾಳಂತಾ?"

"ಗೊತ್ತಿಲ್ಲ. ಈ ಸಲ ನಾನು ಮುಂಚೆ ನೋಡಲ್ಲ ಅತ್ತೆ. ನಿಮ್ಮ ಜೊತೇನೇ ನೋಡ್ತೀನಿ. ಆಣೆಗೂ."

ಅವರು ಒಂದು ಕಾಯಿ ಬಿಡಿಸಿ, ಒಳಗಿನ ಹುಳ ನೋಡಿ, ಅದನ್ನು ಪೇಪರಿನ ಅಂಚಿಗೆ ಹಾಕಿದರು. "ಇಲ್ಲ ಕಣೇ, ನೀನು ಮುಂಚೆ ನೋಡ್ಬಿಡು," ಎಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ. "ಅಳೋ ಹಂಗಿದ್ರೆ ನಂಗೊಂದು ಮಾತು ಹೇಳು. ಹಲ್ಲು ಹಾಕ್ಕೊಂಡು ಕೂತ್ಕೋತೀನಿ."

ನಾನು ಹೂಂ ಅಂದೆ. ಆಗಲೂ ಅವರ ಬಾಯಲ್ಲಿ ಹಲ್ಲು ಇತ್ತು.